ಬಚ್ಚಲ ಬಾಳೆಯ ಎರೆಹುಳ

ಹಿತ್ತಲಿಗೋಸ್ಕರ ಮಗನ ಜೊತೆ ಜಗಳವಾಡಿ ಆಡಿ ನನ್ನ ಗಂಟಲು ಒರಳುಕಲ್ಲಿನ ಹಾಗೆ ಸವೆದುಹೋಗಿತ್ತು. ಆ ಮಳೆಗಾಲದ ಹೊತ್ತಿಗೆ, ಸೋತರೂ ಪರವಾಗಿಲ್ಲ, ಒಂದು ಕಡೆ ಒರಗಿಕೊಂಡರೆ ಸಾಕು ಅನ್ನಿಸುತ್ತಿತ್ತು.

ನಮ್ಮೂರು ದೇವನಹಳ್ಳಿಯಿಂದ ವಿಜಯಪುರಕ್ಕೆ ಹೋಗುವ ದಾರಿಯ ಪಕ್ಕದಲ್ಲಿದೆ. ತಲೆಯ ಮೇಲೆ ಸದಾ ವಿಮಾನ. ಅವು ಎಷ್ಟು ಕೆಳಗೆ ಬರುತ್ತವೆ ಎಂದರೆ, ಒಗೆದ ಸೀರೆಯನ್ನು ಹಗ್ಗದ ಮೇಲೆ ಬಿಟ್ಟು ಒಳಗೆ ಹೋದರೆ ಚಕ್ರಕ್ಕೆ ಸಿಕ್ಕಿಕೊಂಡು ದುಬೈಗೆ ಹೋಗಿಬಿಡುತ್ತದೆ. ಅದಕ್ಕೇ ನಾನು ಸೀರೆ ಒಣಗುವ ತನಕ ಕಾವಲು ಕೂತಿರುತ್ತೇನೆ. ಏರ್‌ಪೋರ್ಟು ಬಂದ ಮೇಲೆ ನಮ್ಮೂರಿನ ಕೊಟ್ಟಿಗೆಗಳೆಲ್ಲ ಒಂದೊಂದಾಗಿ ರೂಮುಗಳಾದವು. ದನ ಕಟ್ಟುತ್ತಿದ್ದ ಕಡೆ ಈಗ ವಿಮಾನಕ್ಕೆ ಪೆಟ್ಟಿಗೆ ಹೊರುವ ಹುಡುಗರು ಬಾಡಿಗೆಗಿದ್ದಾರೆ. ನನ್ನ ಮಗ ವೇಣುಗೋಪಾಲ ಅದೇ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ಅವನಿಗೂ ರೂಮು ಕಟ್ಟಿಸುವ ಹುಚ್ಚು ಹತ್ತಿತು. ಜಾಗ ಇದ್ದದ್ದು ಹಿತ್ತಲಲ್ಲಿ ಮಾತ್ರ. ಅಲ್ಲಿ ಒಂದು ಸೀಬೆಗಿಡ, ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ಹರಿಯುವ ಕಡೆ ಒಂದು ಬಾಳೆಹಿಂಡು.

"ಅವ್ವಾ, ಆ ಬಾಳೆ ವರ್ಷವೆಲ್ಲ ನಿಂತು ಎರಡು ಗೊನೆ ಬಿಡ್ತದೆ. ಅದ್ಕೋಸ್ಕರ ಇಷ್ಟ್ ಜಾಗ ಸುಮ್ನೆ ಬಿಟ್ಕೊಂಡು ಕೂರಕ್ಕಾಗ್ತದಾ?" ಅನ್ನುತ್ತಿದ್ದ.

"ಅದಾದ್ರೂ ಎರಡು ಬಿಡ್ತದೆ. ನೀನು ಹುಟ್ಟಿದಾಗ್ಲಿಂದ ಏನ್ ಬಿಟ್ಟಿದ್ದೀಯಾ? ಬರೀ ಹೊಗೆ."

ಅವನು ರೇಗಿ ಕಾರು ತೆಗೆದುಕೊಂಡು ಹೋಗುತ್ತಿದ್ದ. ಸೊಸೆ ವಾಣಿಶ್ರೀ ಜಗಳಕ್ಕೆ ಬರುವವಳಲ್ಲ. ನಿಟ್ಟುಸಿರು ಬಿಡುತ್ತಾಳೆ, ಅಷ್ಟೇ. ಅವಳ ನಿಟ್ಟುಸಿರಿಗೆ ಒಲೆಯೇ ಹತ್ತಿಕೊಳ್ಳುತ್ತದೆ, ಸಿಲಿಂಡರು ತರಿಸುವುದು ದಂಡ.

ಆ ಬಾಳೆ ನನ್ನ ತವರಿನದು. ನನ್ನ ತವರು ಹೊಸಕೋಟೆ ತಾಲ್ಲೂಕಿನಲ್ಲಿ, ಅನುಗೊಂಡನಹಳ್ಳಿಯ ಮಗ್ಗುಲಿನ ಒಂದು ಚಿಕ್ಕ ಊರು. ವೇಣುಗೋಪಾಲನನ್ನು ಹೆತ್ತು, ಬಾಣಂತನ ಮುಗಿಸಿಕೊಂಡು ಬರುವಾಗ ನಮ್ಮವ್ವ ಕಟ್ಟಿಕೊಟ್ಟ ಬಾಳೆಕಂದು ಅದು. ಈಗ ನಮ್ಮವ್ವ ಇಲ್ಲ. ತಮ್ಮಂದಿರು ಜಮೀನು ಮಾರಿ ಮಾಲೂರು, ಕೆ.ಆರ್.ಪುರ ಎಂದು ಚದುರಿಹೋದರು. ತವರು ಎಂದು ಕೈತೋರಿಸಲು ನನಗೆ ಉಳಿದದ್ದು ಬಚ್ಚಲ ನೀರು ಕುಡಿದು ನಿಂತಿರುವ ಆ ಹಿಂಡು ಒಂದೇ. ಇದನ್ನು ನಾನು ಮಗನಿಗೆ ಹೇಳಿರಲಿಲ್ಲ. ಹೇಳಿದರೆ ನಕ್ಕಾನು, ಇಲ್ಲವೇ ಅತ್ತಾನು. ಎರಡನ್ನೂ ನೋಡುವ ತ್ರಾಣ ನನ್ನಲ್ಲಿರಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಪಾಯ ತೆಗೆಸುವುದು ಎಂದು ಅವನು ಮೇಸ್ತ್ರಿಗೆ ಮಾತು ಕೊಟ್ಟಾಗಿತ್ತು. ಅಂಥ ಹೊತ್ತಿಗೆ, ಶ್ರಾವಣದ ಒಂದು ಸೋನೆ ಬೆಳಿಗ್ಗೆ, ಒಬ್ಬಳು ಹುಡುಗಿ ಸನಿಕೆ, ಬಕೆಟ್ಟು, ಬಿಳಿ ತಟ್ಟೆ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮೊಣಕಾಲತನಕ ಕೆಸರು. ಕಣ್ಣ ಕೆಳಗೆ ಬಾವಿಯಷ್ಟು ಆಳದ ಗುಳಿ.

"ಅಜ್ಜಿ, ನಿಮ್ಮ ಹಿತ್ತಲಲ್ಲಿ ಸ್ವಲ್ಪ ಅಗೀಬಹುದಾ?"

"ಅಗೆಯಕ್ಕೆ ನನ್ ಮಗನೇ ಅವ್ನೆ. ನೀನ್ಯಾರವ್ವ?"

ಅವಳ ಹೆಸರು ಸಿಂಧು ಅಂತೆ. ಬೆಂಗಳೂರಿನಲ್ಲಿ ಓದುತ್ತಾಳಂತೆ. ಓದುವುದು ಎರೆಹುಳವನ್ನಂತೆ.

"ಮೀನು ಹಿಡಿಯಕ್ಕೆ ಎರೆಹುಳ ಹುಡುಕೋರನ್ನ ನೋಡಿದ್ದೀನಿ. ಎರೆಹುಳ ಹಿಡಿಯಕ್ಕೆ ಬಂದೋರನ್ನ ಇದೇ ನೋಡಿದ್ದು. ಮದ್ವೆ ಆಗಿದ್ಯಾ?"

"ಇಲ್ಲ ಅಜ್ಜಿ."

"ಅದೇ ಅಂದ್ಕೊಂಡೆ."

ಆಗ ಪಕ್ಕದ ಮನೆಯ ಅಪ್ಪಯ್ಯಣ್ಣ ಬಂದು ಜಗಲಿಯ ಮೇಲೆ ಕೂತ. ವರಸೆಯಲ್ಲಿ ನನಗೆ ಭಾವ. ಹಿಪ್ಪುನೇರಳೆ ತೋಟ ಇದೆ. ನಮ್ಮೂರಿನಲ್ಲಿ ಯಾರು ಏನು ಅಗೆದರೂ ಅವನು ಬಂದು ನೋಡಲೇಬೇಕು. ಇಲ್ಲದಿದ್ದರೆ ಮಣ್ಣು ಮೇಲೆ ಬರುವುದಿಲ್ಲ ಎಂದು ಅವನ ನಂಬಿಕೆ.

ಸಿಂಧು ಸೀಬೆಗಿಡದ ಬುಡದಲ್ಲಿ ಒಂದು ಗುಂಡಿ, ಬಾಳೆಯ ಬುಡದಲ್ಲಿ ಒಂದು ಗುಂಡಿ ತೆಗೆದಳು. ಸಿಕ್ಕ ಹುಳಗಳನ್ನು ನೀರಲ್ಲಿ ತೊಳೆದು ತಟ್ಟೆಯಲ್ಲಿ ಹರಡಿದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಕೂತ ಮೇಲೆ ಏಳುವುದು ನನ್ನ ಕೈಲಿಲ್ಲ ಎಂದು ಗೊತ್ತಿದ್ದೂ ಕೂತೆ.

"ಎಲ್ಲಾ ಒಂದೇ ಥರ ಅವೆಯಲ್ಲವ್ವ."

"ಅಲ್ಲ ಅಜ್ಜಿ. ಇದರ ಕತ್ತಿನ ಹತ್ರ ನೋಡಿ, ಉಬ್ಬಿದ ಪಟ್ಟಿ ಇದೆಯಲ್ಲ? ಮೊಟ್ಟೆ ಇಡೋ ವಯಸ್ಸಿಗೆ ಬಂದಾಗ ಮೂಡುತ್ತೆ. ಆ ಪಟ್ಟಿ ಎಲ್ಲಿದೆ, ಎಷ್ಟು ಅಗಲ ಇದೆ ಅಂತ ನೋಡಿ ಯಾವ ವಂಶ ಅಂತ ಹೇಳ್ತೀವಿ. ಇದು ಇಲ್ಲಿಂದಲ್ಲ, ದಕ್ಷಿಣ ಅಮೆರಿಕದ್ದು. ಗಿಡದ ಕುಂಡಗಳ ಜೊತೆ ಹಡಗಲ್ಲಿ ಬಂದಿದ್ದು. ಇದು ಆಫ್ರಿಕದ್ದು, ಗೊಬ್ಬರ ಮಾಡೋಕೆ ತಂದಿದ್ದು. ಎಲ್ಲಿ ಅಗೆದರೂ ಇವೇ ಸಿಗೋದು."

"ಊರ್ ಮೇಲೂ ಬಾಡಿಗೆಯೋರು, ಊರ್ ಕೆಳಗೂ ಬಾಡಿಗೆಯೋರು," ಅಂದೆ.

ಅವಳಿಗೆ ನಗು ಬಂತು. ಆಮೇಲೆ ಬಾಳೆಯ ಗುಂಡಿಯಿಂದ ಬಂದ ಒಂದು ಹುಳವನ್ನು ಬೆರಳಲ್ಲಿ ಎತ್ತಿದಳು, ನಗು ನಿಂತುಹೋಯಿತು. ಬೂದಿ ಬಣ್ಣ, ಬೆಳಕಿಗೆ ಹಿಡಿದರೆ ನೀಲಿ. ಕಣ್ಣ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದಳು.

"ಇದಕ್ಕೆ ಪಟ್ಟಿನೇ ಇಲ್ವಲ್ಲ. ಇನ್ನೂ ಲಂಗ ಹಾಕೋ ವಯಸ್ಸೇನೋ," ಅಂದೆ.

"ಇದು ದೊಡ್ಡದೇ ಅಜ್ಜಿ. ಈ ವಂಶದ್ದಕ್ಕೆ ಪಟ್ಟಿ ಎಷ್ಟು ತೆಳು ಅಂದ್ರೆ ಕಣ್ಣಿಗೇ ಕಾಣಲ್ಲ. ಕೊಯ್ದು ಒಳಗೆ ನೋಡ್ಬೇಕು. ಕೋಳಿ ಹೊಟ್ಟೇಲಿ ಕಾಳು ಅರೆಯೋಕೆ ಒಂದು ಗಟ್ಟಿ ಚೀಲ ಇರುತ್ತಲ್ಲ..."

"ಕಂದನಕಾಯಿ."

"ಹೂಂ, ಅದೇ. ಬೇರೆ ಎರೆಹುಳಕ್ಕೆ ಸಾಮಾನ್ಯವಾಗಿ ಒಂದಿರುತ್ತೆ. ಇದಕ್ಕೆ ಮೂರ್ನಾಲ್ಕು, ಒಂದರ ಹಿಂದೆ ಒಂದು, ಮಣಿ ಪೋಣಿಸಿದ ಹಾಗೆ. ಅದಕ್ಕೇ ಈ ವಂಶಕ್ಕೆ ಮೊನಿಲಿಗ್ಯಾಸ್ಟ್ರಿಡೇ ಅಂತ ಹೆಸರು. ಹೊಟ್ಟೇಲಿ ಕೊರಳ ಸರ ಇರೋದು ಅಂತ ಅರ್ಥ."

"ಹೊರಗೆ ಏನೂ ಇಲ್ಲ, ಒಳಗೆ ಸರ. ನನ್ ಥರ ಮುಂಡೆ ಹುಳ ಬಿಡು."

ಅಪ್ಪಯ್ಯಣ್ಣ ಬೊಚ್ಚುಬಾಯಿ ತೆರೆದು ನಕ್ಕ. ಹುಡುಗಿ ನಗಲಿಲ್ಲ. ನನ್ನ ಬರಿಗೊರಳನ್ನು ಒಮ್ಮೆ ನೋಡಿ ತಟ್ಟೆಯ ಕಡೆ ಬಗ್ಗಿದಳು.

ಈ ವಂಶದ ನೆಂಟರು ಸಿಲೋನಿನಿಂದ ಹಿಡಿದು ಬರ್ಮಾ, ಜಪಾನಿನವರೆಗೂ ಇದ್ದಾರೆ ಎಂದು ಹೇಳಿದಳು. ಆದರೆ ತಟ್ಟೆಯಲ್ಲಿದ್ದ ಈ ಜಾತಿ ಜಿಲ್ಲೆಯ ಒಂದೇ ಒಂದು ಮೂಲೆಯಲ್ಲಿ ಸಿಕ್ಕಿದೆಯಂತೆ, ಇಲ್ಲಿಂದ ಬಹಳ ದೂರ. ಅದು ತಾನಾಗಿ ಎಲ್ಲಿಗೂ ಹೋಗುವ ಪ್ರಾಣಿಯಲ್ಲ. ಒಂದು ಹೊಲ ದಾಟುವುದಕ್ಕೆ ಮನುಷ್ಯನ ಒಂದು ಆಯಸ್ಸು ಬೇಕು. ಹಾಗಾಗಿ ಅದು ಇಲ್ಲಿ ಇದೆ ಎಂದರೆ ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿಂದ ಇಲ್ಲಿಯ ತನಕ ಎಲ್ಲ ಕಡೆ ಇತ್ತು, ನಡುವೆ ಸತ್ತುಹೋಗಿದೆ ಎಂದು ಅರ್ಥವಂತೆ. ಆಮೇಲೆ ಅಪ್ಪಯ್ಯಣ್ಣನ ಕಡೆ ತಿರುಗಿದಳು.

"ತಾತ, ಈ ಜಾಗಕ್ಕೆ ಹೊರಗಿನ ಮಣ್ಣು ಯಾವಾಗಾದ್ರೂ ಬಂದಿದೆಯಾ? ಕೆರೆ ಮಣ್ಣು, ಗೊಬ್ಬರದ ಮಣ್ಣು?"

"ಕೆರೆ ಗೋಡು ಹೊಡೆಯೋದು ಹೊಲಕ್ಕೆ ಕಣಮ್ಮ. ಬಚ್ಚಲಿಗೆ ಯಾವನು ಹೊಡೀತಾನೆ? ನಮ್ಮಪ್ಪನ ಕಾಲ್ದಿಂದ ನೋಡ್ತಾ ಇದ್ದೀನಿ, ಈ ಮಣ್ಣು ಇಲ್ಲೇ ಐತೆ. ಹೊರಗಿನ್ ಮಣ್ಣು ಒಂದ್ ಬೊಗಸೆನೂ ನಮ್ಮೂರೊಳಕ್ಕೆ ಬಂದಿಲ್ಲ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆಗ ನಾನೂ ಅದನ್ನೇ ಹೇಳುತ್ತಿದ್ದೆ. ಮಣ್ಣು ಎಂದರೆ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬರುವಂಥದ್ದು, ಗಂಡಸರು ನಿಂತು ಹೊಡೆಸುವಂಥದ್ದು ಎಂದೇ ನನ್ನ ತಲೆಯಲ್ಲೂ ಇತ್ತು.

ಕೆಲವು ವಾರ ಬಿಟ್ಟು ಸಿಂಧು ಮತ್ತೆ ಬಂದಳು. ಹುಳವನ್ನು ಕೊಯ್ದು ನೋಡಿದ್ದಳು. ಅದೇ ವಂಶ, ಅದೇ ಜಾತಿ. ವೇಣುಗೋಪಾಲ ಮನೆಯಲ್ಲಿದ್ದ. ಅವನ ಮುಂದೆ ನಿಂತು, "ಸರ್, ಸದ್ಯಕ್ಕೆ ಈ ಹಿತ್ತಲು ಅಗೀಬೇಡಿ. ನಿಮ್ಮ ತಾಲ್ಲೂಕಲ್ಲೇ ಇದೊಂದೇ ಜಾಗ. ಪ್ಲೀಸ್," ಎಂದು ಕೇಳಿಕೊಂಡಳು.

ಅವಳು ಕೇಳಿದ್ದು ಅಷ್ಟೇ. ಉಳಿದದ್ದನ್ನು ನಾನು ಸೇರಿಸಿದೆ. ಸಂಜೆಯೊಳಗೆ ಊರಲ್ಲೆಲ್ಲ ಹೇಳಿಕೊಂಡು ಬಂದೆ: ಡೆಲ್ಲಿಯಿಂದ ಹೆಲಿಕಾಪ್ಟರಿನಲ್ಲಿ ಆಫೀಸರು ಬರುತ್ತಾರೆ, ಜಪಾನಿನವರೂ ಹುಳದ ನೆಂಟಸ್ತನ ಕೇಳಿಕೊಂಡು ಬರುತ್ತಾರೆ, ಸನಿಕೆ ಹಾಕಿದವನಿಗೆ ಜೈಲು. ಅಪ್ಪಯ್ಯಣ್ಣ ಅದಕ್ಕೆ ಇನ್ನೊಂದಿಷ್ಟು ಗೊಬ್ಬರ ಹಾಕಿದ. ವೇಣುಗೋಪಾಲ ಹೆದರಿ ಮೇಸ್ತ್ರಿಗೆ ಫೋನು ಮಾಡಿ ಬೇಡವೆಂದ. ಆಮೇಲೆ ಒಂದು ವಾರ ನನ್ನ ಮುಖ ನೋಡಲಿಲ್ಲ. ವಾಣಿಶ್ರೀಯ ನಿಟ್ಟುಸಿರಿಗೆ ಹಾಲು ತಾನಾಗಿಯೇ ಉಕ್ಕುತ್ತಿತ್ತು.

ನಾನು ಗೆದ್ದಿದ್ದೆ. ಆದರೂ ಮಧ್ಯಾಹ್ನ ಬಾಳೆಯ ನೆರಳಲ್ಲಿ ಕೂತರೆ ಖುಷಿಗಿಂತ ಹೆಚ್ಚಾಗಿ ಕಾಲುನೋವೇ ಗೊತ್ತಾಗುತ್ತಿತ್ತು.

ಆಮೇಲೆ ಸಿಂಧು ನಮ್ಮ ಮನೆಯ ಹುಡುಗಿಯೇ ಆಗಿಬಿಟ್ಟಳು. ನಮ್ಮೂರಿಗೂ ಆ ದೂರದ ಮೂಲೆಗೂ ನಡುವೆ ಇರುವ ಊರುಗಳಲ್ಲಿ ಹುಳ ಎಲ್ಲಾದರೂ ಉಳಿದಿದೆಯೋ ಎಂದು ಹುಡುಕುತ್ತಿದ್ದಳು. ತೋಪು, ಕೆರೆ ಏರಿ, ದ್ರಾಕ್ಷಿ ತೋಟ, ಸ್ಮಶಾನ, ಒಂದನ್ನೂ ಬಿಡಲಿಲ್ಲ. ದಾರಿಯಲ್ಲಿ ನಮ್ಮ ಮನೆಗೆ ಬಂದು ಕೈಕಾಲು ತೊಳೆದುಕೊಂಡು, ವಾಣಿಶ್ರೀ ಹಾಕಿದ ಮುದ್ದೆ ಉಂಡು, ಗೋಡೆಗೆ ಒರಗಿಕೊಂಡು ಸುಮ್ಮನೆ ಕೂರುತ್ತಿದ್ದಳು. ಅವಳನ್ನು ನಗಿಸಲು ನಾನು ನನ್ನ ಸರಕು ತೆಗೆಯುತ್ತಿದ್ದೆ. ನಮ್ಮ ಬಾಳೆ ಒಂದು ವರ್ಷ ಬಿಟ್ಟ ಗೊನೆಯನ್ನು ಇಳಿಸಲು ವಿಜಯಪುರದಿಂದ ಕ್ರೇನು ತರಿಸಿದ್ದೆವು ಎಂದೆ. ನಮ್ಮ ಯಜಮಾನರು ಎರೆಹುಳವೆಂದು ಎತ್ತಿದ್ದು ನಾಗರಹಾವಾಗಿತ್ತು, ಹಾವೇ ಹೆದರಿ ಕೈಮುಗಿಯಿತು ಎಂದೆ.

"ಅಜ್ಜಿ, ನಿಮ್ಮ ಮಾತಲ್ಲಿ ಅರ್ಧ ಕಳೆದ್ರೂ ಸುಳ್ಳೇ ಉಳಿಯುತ್ತೆ," ಅನ್ನುತ್ತಿದ್ದಳು.

"ಪೂರ್ತಿ ಕಳೆದ್ಬಿಡು. ನಾನು ಉಳೀತೀನಲ್ಲ."

ಮಳೆ ನಿಂತಿತು. ಹುಳಗಳು ಗಂಟು ಕಟ್ಟಿಕೊಂಡು ಆಳಕ್ಕೆ ಇಳಿದವು. ಸಿಂಧುವಿನ ಗುಂಡಿಗಳೂ ಆಳವಾದವು. ಯಾವ ಊರಲ್ಲೂ ಸಿಗಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಬಂದವಳು ಮುದ್ದೆಯನ್ನೂ ಮುಟ್ಟಲಿಲ್ಲ. ಅವಳ ಅಂಗೈ ನೋಡಿದೆ. ಗುಳ್ಳೆಯೆದ್ದು, ಒಡೆದು, ಒಣಗಿ, ಅದರ ಮೇಲೆ ಮತ್ತೆ ಗುಳ್ಳೆ. ಕೊಬ್ಬರಿ ಎಣ್ಣೆ ಸವರುತ್ತಾ ಬೈದೆ.

"ಏನ್ ಭೂಮಿ ಎಲ್ಲಾ ನೀನೇ ಉತ್ತಾಕ್ಬಿಡ್ತೀಯಾ? ಸಾಕ್ಮಾಡು. ಸಿಗ್ಲಿಲ್ಲ ಅಂತ ಬರ್ದುಬಿಡು."

"ಬರೆಯಕ್ಕಾಗಲ್ಲ ಅಜ್ಜಿ. ನಿಮ್ಮ ಮನೇಲಿ ಸಿಕ್ಕಿದೆಯಲ್ಲ. ಹಾಗಿದ್ರೆ ನಡುವೆ ಎಲ್ಲೋ ಇರಲೇಬೇಕು, ನೀನು ಸರಿಯಾಗಿ ಹುಡುಕಿಲ್ಲ ಅಂತಾರೆ ನಮ್ಮ ಮೇಡಮ್ಮು. ಮುಂದಿನ ಮಳೆಗಾಲ ಪೂರ್ತಿ ಮತ್ತೆ ಅಗೀಬೇಕು. ಜೊತೆಯವರೆಲ್ಲ ಓದು ಮುಗಿಸಿ ಹೋದ್ರು. ನನ್ನದು ನಿಮ್ಮ ಬಾಳೆ ಬುಡದಲ್ಲಿ ಸಿಕ್ಕಿಹಾಕಿಕೊಂಡಿದೆ."

ಅವಳು ಚೀಲದಿಂದ ಒಂದು ನಕ್ಷೆ ತೆಗೆದು ನೆಲದ ಮೇಲೆ ಹಾಸಿದಳು. ನನಗೆ ನಕ್ಷೆ ಎಂದರೆ ಒಗೆಯದ ಬಟ್ಟೆಯ ಮೇಲಿನ ಕಲೆ. ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಒತ್ತೊತ್ತಾಗಿದ್ದವು. ಅವುಗಳಿಂದ ದೂರ, ಖಾಲಿ ಜಾಗದ ಈಚೆ ಕಡೆ, ಒಂಟಿ ಚುಕ್ಕೆ.

"ಈ ಒಂಟಿ ನಿಮ್ಮ ಮನೆ."

"ಆ ಗುಂಪು ಯಾವೂರವ್ವ?"

ಅವಳು ಬೆರಳಿಟ್ಟು ಓದಿದಳು. "ಸಮೇತನಹಳ್ಳಿ. ತಿರುಮಲಶೆಟ್ಟಿಹಳ್ಳಿ. ಮುತ್ಸಂದ್ರ. ಅನುಗೊಂಡನಹಳ್ಳಿ..."

ನನ್ನ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಹಾಗೇ ನಿಂತಿತು. ಅವು ನಾನು ಲಂಗ ಎತ್ತಿಕೊಂಡು ಓಡಾಡಿದ ಊರುಗಳು. ಸಂತೆಗೆ, ಮದುವೆಗೆ, ಹುಣಸೆಹಣ್ಣು ಬಡಿಯುವುದಕ್ಕೆ ಹೋಗುತ್ತಿದ್ದ ಊರುಗಳು. ಗುಂಪಿನ ನಡುವೆ ಒಂದು ಕಡೆ ಮಾತ್ರ ಚುಕ್ಕೆ ಇರಲಿಲ್ಲ. ಅದು ಯಾಕೆ ಖಾಲಿ ಎಂದು ಕೇಳಿದೆ. ಅವಳು ಹೇಳಿದ ಹೆಸರು ನನ್ನ ತವರಿನದು.

"ಅಲ್ಲಿ ಈಗ ಪೂರ್ತಿ ಗೋಡೌನು ಅಜ್ಜಿ. ಸುತ್ತಮುತ್ತ ಎಲ್ಲ ಸಿಕ್ತು. ಆ ಊರಲ್ಲಿ ಅಗೆಯೋಕೆ ಮಣ್ಣೇ ಸಿಗಲಿಲ್ಲ, ಬರೀ ಸಿಮೆಂಟು."

ಗೋಡೌನಿನ ಸುದ್ದಿ ನನಗೆ ಗೊತ್ತಿತ್ತು. ಹುಳ ಹೇಗೆ ನಮ್ಮ ಬಚ್ಚಲಿಗೆ ಬಂತು ಎನ್ನುವುದು ಗೊತ್ತಾದದ್ದು ಆ ಗಳಿಗೆಯಲ್ಲಿ. ಹೇಳಿಬಿಟ್ಟರೆ ಒಂಟಿ ಚುಕ್ಕೆ ಹೋಗುತ್ತದೆ. ಚುಕ್ಕೆ ಹೋದರೆ ಮೇಸ್ತ್ರಿ ಬರುತ್ತಾನೆ. ನಾನು ಸುಮ್ಮನೆ ಎಣ್ಣೆ ಸವರಿದೆ. ಒಂದು ಅಂಗೈ ಮುಗಿಯಿತು. ಇನ್ನೊಂದು ಅಂಗೈ ಕೈಗೆ ತೆಗೆದುಕೊಂಡೆ, ಅದು ಮೊದಲಿನದಕ್ಕಿಂತ ಹಾಳಾಗಿತ್ತು. ಈ ಕೈ ಇನ್ನೊಂದು ಮಳೆಗಾಲ, ಇಲ್ಲದ ಹುಳಕ್ಕೋಸ್ಕರ, ಖಾಲಿ ಮಣ್ಣು ಅಗೆಯುತ್ತದೆ. ನನ್ನ ಕೈಯಲ್ಲಿ ನೋಡಲಾಗಲಿಲ್ಲ.

"ಸಿಂಧೂ, ಆ ಹುಳ ನಾನು ತಂದಿದ್ದು ಕಣೇ."

"ಹೂಂ. ಕ್ರೇನಲ್ಲಾ?"

"ಬಸ್ಸಲ್ಲಿ. ಮೂಟೆ ಎಷ್ಟು ಭಾರ ಅಂದ್ರೆ ಬಸ್ಸೇ ಒಂದ್ ಕಡೆ ವಾಲ್ಕೊಂಡು, ಸೂಲಿಬೆಲೆ ತಿರುವಲ್ಲಿ ಕಂಡಕ್ಟರು ಕಿಟಕಿಯಿಂದ ಆಚೆ..."

ಅವಳು ಆಗಲೇ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇವತ್ತು ನಗಿಸಿಬಿಟ್ರಿ ಅಜ್ಜಿ, ಥ್ಯಾಂಕ್ಸ್," ಎಂದು ನಕ್ಷೆ ಮಡಚತೊಡಗಿದಳು.

ನಾನು ಅವಳ ಕೈ ಹಿಡಿದುಕೊಂಡೆ. ನಿಜ ಹೇಳುವುದೂ ಒಂದು ಕೆಲಸ. ಬಾಯಿಗೆ ಬರುವ ಆನೆ, ಒಂಟೆಗಳನ್ನೆಲ್ಲ ಒಂದೊಂದಾಗಿ ಆಚೆಗೆ ಅಟ್ಟಬೇಕು. ನನಗೆ ಬೆವರು ಬಂತು.

"ಕೇಳು. ಬಸ್ಸು ವಾಲಲಿಲ್ಲ. ಕಂಡಕ್ಟರು ಒಳ್ಳೆಯೋನು, ಏನೂ ಅನ್ಲಿಲ್ಲ. ಮಗು ನನ್ ಮಡ್ಲಲ್ಲಿತ್ತು. ಗೋಣಿಚೀಲ ನಮ್ ಯಜಮಾನ್ರ ಕಾಲ ಹತ್ರ. ಅದ್ರೊಳಗೆ ಬಾಳೆ ಕಂದು. ನಮ್ಮವ್ವ ಬರೀ ಬೇರಲ್ಲಿ ಕಂದು ಕೊಡ್ತಿರ್ಲಿಲ್ಲ. ಬುಡದ ಮಣ್ಣು ಹೆಂಟೆ ಸಮೇತ ಅಗೆದು, ತೇವ ಮಾಡಿ, ಗೋಣೀಲಿ ಕಟ್ತಿದ್ಲು. 'ಬೇರೆ ಊರಿಗೆ ಹೋಗೋ ಜೀವ, ಒಂದಿಷ್ಟು ದಿನ ತನ್ ಮಣ್ಣೇ ತಿಂದ್ಕೊಂಡಿರ್ಲಿ' ಅಂತಿದ್ಲು. ಆ ಹೆಂಟೆನ ನಾನೇ ಈ ಬಚ್ಚಲ ಹತ್ರ ಇಟ್ಟೆ. ಆ ಖಾಲಿ ಊರು ನನ್ ತವರು. ಅಷ್ಟೇ."

ಅವಳು ನನ್ನ ಮುಖವನ್ನೇ ನೋಡಿದಳು. ನಗು ಎಲ್ಲಿಂದ ಬರುತ್ತದೆ ಎಂದು ಕಾಯುತ್ತಿದ್ದಳು. ಬರಲಿಲ್ಲ.

"ತಾತ ಹೇಳಿದ್ರಲ್ಲ, ಹೊರಗಿನ ಮಣ್ಣು ಬಂದೇ ಇಲ್ಲ ಅಂತ?"

"ಅವನು ಗಾಡಿ ಲೆಕ್ಕ ಹೇಳ್ದ. ಬಾಣಂತಿ ಹೊತ್ಕೊಂಡು ಬಂದಿದ್ದು ಅವನಿಗೇನ್ ಗೊತ್ತು? ನನಗೂ ಅದು ಮಣ್ಣು ಅನ್ನಿಸ್ಲಿಲ್ಲ. ಅದು ಬಾಳೆ ಅಲ್ವಾ?"

ಸಿಂಧು ಎದ್ದಳು. ಸನಿಕೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಾಳೆಯ ಬುಡದಿಂದ ಶುರುಮಾಡಿ ಆಚೆ ಆಚೆಗೆ ಚಿಕ್ಕ ಚಿಕ್ಕ ಗುಂಡಿ ತೆಗೆಯುತ್ತಾ ಹೋದಳು. ಬುಡದ ತೇವದಲ್ಲಿ ಆ ಬೂದಿ ಹುಳ ಬೇಕಾದಷ್ಟಿತ್ತು. ಒಗೆಯುವ ಕಲ್ಲಿನ ಹತ್ತಿರ ಅಲ್ಲೊಂದು ಇಲ್ಲೊಂದು. ಕಲ್ಲಿನ ಆಚೆ ಬರೀ ಅಮೆರಿಕದವು. ಸೀಬೆಗಿಡದ ಹತ್ತಿರ ಆಫ್ರಿಕದವು. ಬೇಲಿಯ ಪಕ್ಕ ಏನೂ ಇಲ್ಲ. ಅವಳು ಸನಿಕೆಯನ್ನು ಊರಿಕೊಂಡು ನಿಂತಳು.

"ಇಷ್ಟು ವರ್ಷದಲ್ಲಿ ಒಗೆಯೋ ಕಲ್ಲು ದಾಟಿಲ್ಲ ಅಜ್ಜಿ."

"ನಾನಾದ್ರೂ ಎಲ್ಲಿಗ್ ದಾಟಿದ್ದೀನಿ?" ಅಂದೆ.

ಅವಳು ಮಣ್ಣಿನ ಮೇಲೇ ಕೂತುಬಿಟ್ಟಳು. ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ, ಗುಂಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿದಳು. "ಅಂದ್ರೆ ನಡುವೆ ಎಲ್ಲೂ ಇಲ್ಲ ಅನ್ನೋದು... ಇಲ್ಲದೇ ಇರೋದೇ. ನಾನು ಸರಿಯಾಗೇ ಹುಡುಕಿದ್ದೆ." ಆಮೇಲೆ ಫೋನು ತೆಗೆದು ಅವಳ ಮೇಡಮ್ಮಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಆ ಕಡೆಯಿಂದ ಮೊದಲು ಜೋರು ದನಿ, ಆಮೇಲೆ ಮೆತ್ತಗಿನ ದನಿ ಬಂತು. ಫೋನು ಇಟ್ಟವಳು ನಕ್ಷೆ ಬಿಡಿಸಿ, ಒಂಟಿ ಚುಕ್ಕೆಯ ಮೇಲೆ ಬಿಳಿ ಬಳಿದು, ಅದೇ ಜಾಗದಲ್ಲಿ ಒಂದು ಖಾಲಿ ಬಳೆ ಬರೆದಳು. ಹೊರಗಿನಿಂದ ತಂದದ್ದಕ್ಕೆ ಹಾಗೆ ಬರೆಯುತ್ತಾರಂತೆ. ಬಳೆಯಿಂದ ನನ್ನ ತವರಿನ ಖಾಲಿ ಜಾಗಕ್ಕೆ ಒಂದು ಗೆರೆ ಎಳೆದಳು.

"ಬಸ್ಸು ಬಂದ ದಾರಿ," ಅಂದಳು. ಇನ್ನು ಅಗೆಯುವುದು ಬೇಕಿಲ್ಲವಂತೆ. ಬರೆದು ಕೊಟ್ಟರೆ ಓದು ಮುಗಿಯಿತಂತೆ. ಹೇಳುತ್ತಾ ಹೇಳುತ್ತಾ ಜಗಲಿಗೆ ಬಂದು, ಚೀಲ ತಲೆಯ ಕೆಳಗೆ ಇಟ್ಟುಕೊಂಡು, ಕೆಸರುಗಾಲಲ್ಲೇ ಮಲಗಿದಳು. ವರ್ಷಗಟ್ಟಲೆ ನಿದ್ದೆ ಕಾಣದವರು ಹಾಗೆ ಬೀಳುತ್ತಾರೆ.

ವಾಣಿಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಿಟ್ಟುಸಿರು ಬಿಡಲಿಲ್ಲ. ಗಂಡನಿಗೆ ಫೋನು ಮಾಡಿದಳು. ಸಂಜೆಗೆ ಮೊದಲೇ ವೇಣುಗೋಪಾಲ ಬಂದ. ಹಿತ್ತಲಲ್ಲಿ ಬಾಳೆಯ ಮುಂದೆ ನಿಂತು, ಅದನ್ನು ಅವತ್ತೇ ಮೊದಲು ನೋಡುವವನ ಹಾಗೆ ನೋಡಿದ.

"ಯಾಕವ್ವ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಏನೋ ಮಾಡ್ತಿದ್ದೆ."

"ಏನೂ ಮಾಡ್ಬೇಡ. ಹೆಲಿಕಾಪ್ಟರೂ ಇಲ್ಲ, ಜಪಾನಿನೋರೂ ಇಲ್ಲ. ಎಲ್ಲಾ ನಾನ್ ಹೇಳಿದ್ದು. ಕಟ್ಸ್ಕೋ ಹೋಗು. ನನಗೆ ಜಗಳ ಆಡಿ ಸಾಕಾಗೋಯ್ತು ಕಣಪ್ಪ."

ಅವನು ಜಗಳ ಆಡುತ್ತಾನೆಂದು ಕಾದೆ. ಆಡಲಿಲ್ಲ. ಅದೂ ಒಂಥರ ಸುಸ್ತು.

ಯುಗಾದಿಯ ಮಾರನೇ ವಾರ ಮೇಸ್ತ್ರಿ ದಾರ ಹಿಡಿದ. ಪಾಯದ ಮಣ್ಣು ಎಲ್ಲಿಗೆ ಹಾಕಿಸುವುದು ಎಂಬ ಮಾತು ಬಂತು. ನಮ್ಮ ಕಡೆ ಪಾಯದ ಮಣ್ಣನ್ನು ಯಾರೂ ಬಿಸಾಡುವುದಿಲ್ಲ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಈ ಸಲ ಕೇಳಿದ್ದು ಅಪ್ಪಯ್ಯಣ್ಣ.

"ಬಚ್ಚಲ ನೀರು ಕುಡಿದ ಮಣ್ಣು ಕಣೇ ಅನುಸೂಯಾ, ಒಳ್ಳೇ ಫಲವತ್ತು. ನನ್ ಹಿಪ್ಪುನೇರಳೆಗೆ ಹಾಕಿದ್ರೆ ಸೊಪ್ಪು ಮೊರದಗಲ ಬರ್ತದೆ."

"ಅದು ಹೊರಗಿನ್ ಮಣ್ಣು ಭಾವ. ನಿಮ್ಮೂರೊಳಕ್ಕೆ ಬೊಗಸೆನೂ ಬರಲ್ವಲ್ಲ?"

"ಅಯ್ಯೋ, ಯಾವಾಗ್ಲೋ ಬಂದಿದ್ದಲ್ವಾ. ಈಗ ನಮ್ದೇ."

ಅವತ್ತು ಸಿಂಧುವೂ ಬಂದಿದ್ದಳು. ಮುಖದ ಗುಳಿ ಸ್ವಲ್ಪ ತುಂಬಿತ್ತು. ಬಾಳೆಯನ್ನೂ ಹುಳವನ್ನೂ ಹೀಗೆ ಆ ತೋಟಕ್ಕೆ ಕದಲಿಸಬಹುದೇ ಎಂದು ಅವಳನ್ನೇ ಕೇಳಿದೆ. ಅವಳು ತಲೆ ಕೆರೆದುಕೊಂಡಳು. "ಬೇರೆ ಊರಿಗೆ ಬೇಡ ಅಜ್ಜಿ. ನಿಮ್ಮೂರೊಳಗೇ ಆದ್ರೆ ಪರವಾಗಿಲ್ಲ. ನನ್ನ ನಕ್ಷೇಲಿ ನಿಮ್ಮೂರು ಪೂರ್ತಿ ಸೇರಿ ಒಂದೇ ಬಳೆ."

ವೇಣುಗೋಪಾಲ ಬಾಳೆಯ ಹಿಂಡಿಗೆ ಜೆಸಿಬಿ ತಾಗಿಸಲು ಬಿಡಲಿಲ್ಲ. ತಾನೇ ಸುತ್ತ ಅಗೆದು, ಹೆಂಟೆ ಒಡೆಯದ ಹಾಗೆ ಬುಡಕ್ಕೆ ಗೋಣಿ ಸುತ್ತಿದ. ಎಲ್ಲಿ ಕಲಿತನೋ. ಆಮೇಲೆ ಮೇಸ್ತ್ರಿಯ ಜೊತೆ ಸೇರಿ ಅದನ್ನು ಪಾಯದ ಮಣ್ಣು ತುಂಬಿದ್ದ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಗೆ ಎತ್ತಿಟ್ಟ.

"ನೀನು ನಡ್ಕೊಂಡು ಬರಕ್ಕಾಗಲ್ಲ ಅವ್ವ, ಮನೇಲಿರು. ನಾನು ನೆಟ್ಟು ಬರ್ತೀನಿ."

"ನೆಡೋದು ನಾನು," ಅಂದೆ.

ನನ್ನನ್ನೂ ಎತ್ತಿ ಮಣ್ಣಿನ ಮೇಲೆ ಕೂರಿಸಿದರು. ಗೋಣಿಯ ಮೂಟೆಯನ್ನು ಕಾಲ ನಡುವೆ ಇಟ್ಟುಕೊಂಡೆ. ಸಿಂಧು ಹತ್ತಿ ಪಕ್ಕದಲ್ಲಿ ಕೂತಳು. ಮಣ್ಣು ತಣ್ಣಗಿತ್ತು, ಸೀರೆಯೊಳಗೆ ಇಳಿದು ಮೊಣಕಾಲಿಗೆ ಹಿತವಾಯಿತು. ಮನೆಯಿಂದ ಅಪ್ಪಯ್ಯಣ್ಣನ ತೋಟಕ್ಕೆ ದೂರವೇನಿಲ್ಲ, ಆದರೂ ಟ್ರ್ಯಾಕ್ಟರು ಮೆಲ್ಲಗೆ ಹೋಗಲಿ ಎಂದು ಕೂಗಿ ಹೇಳಿದೆ.

ತೋಟದ ತಿರುವಿನಲ್ಲಿ ಡಬ್ಬಿ ಒಂದು ಕಡೆಗೆ ವಾಲಿತು. ಸಿಂಧು ಹೆದರಿ ನನ್ನ ತೋಳು ಹಿಡಿದುಕೊಂಡಳು.

"ನೋಡ್ದಾ?" ಅಂದೆ.